ಗೆದ್ದವನು ಸೋತ, ಸೋತವನು ಸತ್ತ: ಬರಹಗಾರನಿಗೂ ವಿಮೆ ಬೇಕೆ?

ಲಾರಿಗೆ ವಿಮೆ ಇದೆ, ಬೆಳೆಗೆ ವಿಮೆ ಇದೆ, ರೋಗಿಯ ಕುಟುಂಬ ಪರಿಹಾರ ಕೇಳಿದರೆ ನೆರವಿಗಿರಲಿ ಎಂದು ವೈದ್ಯರೂ ವಿಮೆ ಮಾಡಿಸುತ್ತಾರೆ. ಆದರೆ ಮನೆಯಲ್ಲಿ ಕುಳಿತು ಲೇಖನ ಬರೆದು ಪತ್ರಿಕೆಗೆ ಕಳಿಸುವ ಹವ್ಯಾಸಿ ಬರಹಗಾರನಿಗೆ ಯಾವ ಅಪಾಯ? ಪೆನ್ನು ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲವಲ್ಲ ಎಂದು ನೀವು ಕೇಳಬಹುದು. ವಿದ್ಯಾರ್ಥಿ ಮಿತ್ರರೇ, ಈ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರ ಸ್ವಾರಸ್ಯಕರವಾಗಿದೆ. ನಾಳೆ ನಿಮ್ಮಲ್ಲಿ ಕೆಲವರಾದರೂ ಬರೆದು ಬದುಕುವವರು. ಆದ್ದರಿಂದ ಇದು ನಿಮ್ಮ ಪ್ರಶ್ನೆಯೂ ಹೌದು.

ವಿಮೆಯ ತತ್ತ್ವ ಸರಳವಾದದ್ದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಹಡಗಿನ ವ್ಯಾಪಾರಿಗಳು ಸೇರುತ್ತಿದ್ದರು. ಒಂದು ಹಡಗು ಮುಳುಗಿದರೆ ಒಬ್ಬ ವರ್ತಕ ದಿವಾಳಿಯಾಗುತ್ತಾನೆ. ಆ ನಷ್ಟವನ್ನು ಹತ್ತಾರು ಜನ ಹಂಚಿಕೊಂಡರೆ ಯಾರೂ ಮುಳುಗುವುದಿಲ್ಲ. ಬರಹಗಾರನ ಹಡಗು ಮುಳುಗುವುದು ಮಾನನಷ್ಟ ಮೊಕದ್ದಮೆಯಲ್ಲಿ.

ಭಾರತದ ಪತ್ರಿಕಾ ಇತಿಹಾಸ ಆರಂಭವಾಗುವುದೇ ಇಂಥ ಮುಳುಗಡೆಯಿಂದ. ಜೇಮ್ಸ್ ಅಗಸ್ಟಸ್ ಹಿಕಿ 1780ರ ಜನವರಿ 29ರಂದು ಕಲ್ಕತ್ತೆಯಲ್ಲಿ ‘ಬೆಂಗಾಲ್ ಗೆಜೆಟ್’ ಆರಂಭಿಸಿದ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನನ್ನೂ ಪಾದ್ರಿ ಕೀರ್ನಾಂಡರನನ್ನೂ ಅದರಲ್ಲಿ ಹೀನಾಯವಾಗಿ ಟೀಕಿಸಿದ. ಇಬ್ಬರೂ ಮಾನಹಾನಿಯ ಮೊಕದ್ದಮೆ ಹೂಡಿದರು. ಹಿಕಿ ಜೈಲು ಸೇರಿದ. 1782ರಲ್ಲಿ ಅವನ ಅಚ್ಚುಮೊಳೆಗಳನ್ನೂ ವಶಪಡಿಸಿಕೊಂಡರು. ಅಲ್ಲಿಗೆ ದೇಶದ ಮೊದಲ ಪತ್ರಿಕೆ ಮುಗಿಯಿತು.

ಹಿಕಿಯೇನೋ ತಿಳಿದೂ ತಿಳಿದೂ ಜಗಳಕ್ಕೆ ನಿಂತವನು. ಯಾರನ್ನೂ ನೋಯಿಸುವ ಉದ್ದೇಶವೇ ಇಲ್ಲದೆ ಬರೆದವನ ಗತಿ ಏನು? ಇದಕ್ಕೆ ಉತ್ತರ ಇಂಗ್ಲೆಂಡಿನ ಒಂದು ವಿಚಿತ್ರ ಮೊಕದ್ದಮೆಯಲ್ಲಿದೆ. 1908ರಲ್ಲಿ ‘ಸಂಡೇ ಕ್ರಾನಿಕಲ್’ ಪತ್ರಿಕೆಯಲ್ಲಿ ಫ್ರಾನ್ಸಿನ ಡಿಯೆಪ್ ನಗರದ ಮೋಟಾರು ಉತ್ಸವದ ಬಗ್ಗೆ ಒಂದು ವಿನೋದ ಬರಹ ಬಂತು. ಊರಿನಲ್ಲಿ ಚರ್ಚಿನ ಗಣ್ಯನಂತಿದ್ದು, ಪರದೇಶಕ್ಕೆ ಬಂದೊಡನೆ ಹೆಂಡತಿಯಲ್ಲದ ಹೆಣ್ಣಿನೊಡನೆ ಸುತ್ತಾಡುವ ಒಬ್ಬ ಕಲ್ಪಿತ ವ್ಯಕ್ತಿ ಅದರಲ್ಲಿದ್ದ. ಅವನಿಗೆ ಲೇಖಕರು ಇಟ್ಟ ಹೆಸರು ಆರ್ಟೆಮಸ್ ಜೋನ್ಸ್. ಅದೇ ಹೆಸರಿನ ನಿಜವಾದ ಬ್ಯಾರಿಸ್ಟರ್ ಒಬ್ಬರಿದ್ದರು. ಹಿಂದೆ ಅದೇ ಪತ್ರಿಕೆಗೆ ಬರೆಯುತ್ತಿದ್ದವರು ಕೂಡ! ಓದಿದ ಪರಿಚಯಸ್ಥರು ಇದು ಅವರೇ ಎಂದುಕೊಂಡರು. ಜ್ಯೂರಿ 1,750 ಪೌಂಡ್ ಪರಿಹಾರ ಕೊಡಿಸಿತು. 1909ರ ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಎತ್ತಿಹಿಡಿಯಿತು. ಬರೆದವನ ಮನಸ್ಸಿನಲ್ಲಿ ಏನಿತ್ತು ಎಂಬುದು ಮುಖ್ಯವಲ್ಲ, ಓದಿದವರು ಏನು ತಿಳಿದುಕೊಂಡರು ಎಂಬುದೇ ಮುಖ್ಯ ಎಂಬುದು ಈ ತೀರ್ಪಿನ ಸಾರ. ಅರಿಯದೆ ಆದ ಇಂಥ ತಪ್ಪನ್ನು ತಿದ್ದಿಕೊಳ್ಳಲು ಬ್ರಿಟಿಷ್ ಕಾನೂನು ಒಂದು ದಾರಿ ತೆರೆದದ್ದು 1952ರಲ್ಲಿ.

ಇನ್ನು ನೂರು ವರ್ಷ ಮುಂದಕ್ಕೆ ಬರೋಣ. ಸೈಮನ್ ಸಿಂಗ್ ಅವರ ಹೆಸರನ್ನು ನಿಮ್ಮಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಕೇಳಿರಬಹುದು. ಪಂಜಾಬಿನಿಂದ ಇಂಗ್ಲೆಂಡಿಗೆ ವಲಸೆ ಹೋದ ಕುಟುಂಬದವರು. ಕೇಂಬ್ರಿಜ್‌ನಲ್ಲಿ ಕಣ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಿಬಿಸಿ ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. ಫರ್ಮಾನ ಕೊನೆಯ ಪ್ರಮೇಯದ ಕುರಿತ ಅವರ ಸಾಕ್ಷ್ಯಚಿತ್ರ, ಪುಸ್ತಕ ಎರಡೂ ಪ್ರಸಿದ್ಧ. 2008ರ ಏಪ್ರಿಲಿನಲ್ಲಿ ಅವರು ‘ಗಾರ್ಡಿಯನ್’ ಪತ್ರಿಕೆಗೆ ಒಂದು ಲೇಖನ ಬರೆದರು. ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ತಿರುಗಿಸುವ ಕೈರೋಪ್ರ್ಯಾಕ್ಟಿಕ್ ಎಂಬ ಚಿಕಿತ್ಸೆಯಿಂದ ಮಕ್ಕಳ ಹೊಟ್ಟೆನೋವು, ಕಿವಿಯ ಸೋಂಕು, ಅಸ್ತಮಾಗಳಿಗೆ ಉಪಶಮನವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ ಎಂಬುದು ಅವರ ವಾದ. ಆ ಚಿಕಿತ್ಸೆಗಳನ್ನು ಅವರು ‘ಬೋಗಸ್’ ಎಂದು ಕರೆದಿದ್ದರು. ನಮ್ಮ ಸಂತೆಯಲ್ಲೂ ಓಡಾಡುವ ಈ ಒಂದು ಪದ ಅವರ ಎರಡು ವರ್ಷಗಳನ್ನು ನುಂಗಿಹಾಕಿತು.

ಬ್ರಿಟಿಷ್ ಕೈರೋಪ್ರ್ಯಾಕ್ಟಿಕ್ ಅಸೋಸಿಯೇಷನ್ ಮೊಕದ್ದಮೆ ಹೂಡಿದ್ದು ಪತ್ರಿಕೆಯ ಮೇಲಲ್ಲ, ಸಿಂಗ್ ಒಬ್ಬರ ಮೇಲೆ ಮಾತ್ರ. 2009ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಈಡಿ, ‘ಬೋಗಸ್’ ಎಂದರೆ ಆ ಸಂಸ್ಥೆ ಗೊತ್ತಿದ್ದೂ ಮೋಸ ಮಾಡುತ್ತಿದೆ ಎಂದೇ ಅರ್ಥ, ಅದು ಅಭಿಪ್ರಾಯವಲ್ಲ, ಸಂಗತಿ ಎಂದರು. ಸಂಗತಿಯಾದರೆ ಅದನ್ನು ರುಜುವಾತು ಮಾಡುವ ಹೊಣೆ ಬರೆದವನದು. ಹೀಗೆ ತಾವು ಹೇಳಲೇ ಇಲ್ಲ ಎಂದು ಸಿಂಗ್ ಒತ್ತಿ ಹೇಳುತ್ತಿದ್ದ ಮಾತನ್ನೇ ಅವರು ಸಾಬೀತುಪಡಿಸಬೇಕಾಯಿತು! ಅವರು ಮೇಲ್ಮನವಿ ಸಲ್ಲಿಸಿದರು. 2010ರ ಮಾರ್ಚಿನಲ್ಲಿ, ಮೊಕದ್ದಮೆಯ ಕೆಲಸದ ನಡುವೆ ಬಿಡುವಿಲ್ಲದೆ ತಮ್ಮ ಅಂಕಣವನ್ನೇ ನಿಲ್ಲಿಸಿದರು. ಏಪ್ರಿಲ್ 1ರಂದು ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ವೈಜ್ಞಾನಿಕ ವಿವಾದಗಳನ್ನು ಇತ್ಯರ್ಥ ಮಾಡುವ ಜಾಗ ಮಾನಹಾನಿ ನ್ಯಾಯಾಲಯವಲ್ಲ ಎಂಬ ಧಾಟಿಯಲ್ಲಿ ಮಾತನಾಡಿತು. ಎರಡು ವಾರದಲ್ಲಿ ಸಂಸ್ಥೆ ಮೊಕದ್ದಮೆ ಹಿಂತೆಗೆದುಕೊಂಡಿತು.

ಸಿಂಗ್ ಗೆದ್ದರು. ಆದರೆ ಅಷ್ಟರಲ್ಲಿ ಸುಮಾರು 2 ಲಕ್ಷ ಪೌಂಡ್ ಖರ್ಚಾಗಿತ್ತು. ಗೆದ್ದರೂ ಅಷ್ಟೂ ಹಣ ಕೈಗೆ ಮರಳುವುದಿಲ್ಲ. ಕೋರ್ಟಿಗೆ ಹೋದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ಇದೇ ಕಾಲದ ಇನ್ನೊಂದು ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಿ. ಏಡ್ಸ್‌ಗೆ ಔಷಧಿಯ ಬದಲು ವಿಟಮಿನ್ ಮಾತ್ರೆಗಳನ್ನು ಪ್ರಚಾರ ಮಾಡುತ್ತಿದ್ದ ಮಥಿಯಾಸ್ ರಾತ್ ಎಂಬಾತನನ್ನು ವೈದ್ಯ ಲೇಖಕ ಬೆನ್ ಗೋಲ್ಡೇಕರ್ ಅದೇ ಗಾರ್ಡಿಯನ್ನಿನಲ್ಲಿ ಟೀಕಿಸಿದ್ದರು. ರಾತ್ ಪತ್ರಿಕೆಯ ಮೇಲೂ ಮೊಕದ್ದಮೆ ಹೂಡಿದ. ಪತ್ರಿಕೆ ಲೇಖಕರ ಬೆನ್ನಿಗೆ ನಿಂತು ಹೋರಾಡಿತು; 2008ರ ಸೆಪ್ಟೆಂಬರಿನಲ್ಲಿ ರಾತ್ ಹಿಂದೆ ಸರಿಯುವ ಹೊತ್ತಿಗೆ ಸುಮಾರು 5 ಲಕ್ಷ ಪೌಂಡ್ ವೆಚ್ಚವಾಗಿತ್ತು. ಲೇಖಕನೊಬ್ಬನೇ ಆಗಿದ್ದರೆ? ಸತ್ಯ ಅವನ ಕಡೆಗೇ ಇದ್ದರೂ ಜೇಬು ಮೊದಲೇ ಬರಿದಾಗುತ್ತಿತ್ತು.

ವೃತ್ತಿ ಹೊಣೆಗಾರಿಕೆ ವಿಮೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ಪರಿಹಾರದ ಹಣಕ್ಕಿಂತ ಮೊದಲು ಅದು ಭರಿಸುವುದು ವಕೀಲರ ವೆಚ್ಚವನ್ನು. ಆದರೆ ಮೂರು ಮಿತಿಗಳನ್ನು ಗಮನಿಸಿ. ಮೊದಲನೆಯದಾಗಿ, ಗೊತ್ತಿದ್ದೂ ಬರೆದ ಸುಳ್ಳಿಗೆ ವಿಮೆ ಇಲ್ಲ. ಎರಡನೆಯದಾಗಿ, ಇಂಥ ಪಾಲಿಸಿಗಳು ಸಾಮಾನ್ಯವಾಗಿ ಲೇಖನ ಅಚ್ಚಾದ ದಿನವನ್ನಷ್ಟೇ ನೋಡುವುದಿಲ್ಲ; ದಾವೆ ಬಂದ ದಿನ ಪಾಲಿಸಿ ಜೀವಂತವಿರಬೇಕು. ಮೂರನೆಯದಾಗಿ, ಕ್ಷಮೆ ಕೇಳಿ ರಾಜಿಯಾಗುವುದು ಅಗ್ಗವೆಂದು ಕಂಡರೆ ವಿಮಾ ಕಂಪನಿ ಅದನ್ನೇ ಬಯಸಬಹುದು. ಸಿಂಗ್ ಅಂದು ರಾಜಿಯಾಗಿದ್ದರೆ, ಕಾನೂನು ಸುಧಾರಣೆಗಾಗಿ ನಡೆದ ಚಳವಳಿಗೆ ಅಷ್ಟು ಬಲ ಬರುತ್ತಿರಲಿಲ್ಲ. ಆ ಚಳವಳಿಯ ಫಲವಾದ 2013ರ ಬ್ರಿಟಿಷ್ ಕಾಯಿದೆ, ಗಂಭೀರ ಹಾನಿಯಾಗಿದ್ದರೆ ಮಾತ್ರ ದಾವೆ ಎಂಬ ನಿಯಮ ತಂದಿತು; ಸಾರ್ವಜನಿಕ ಹಿತದ ಬರಹಕ್ಕೆ ರಕ್ಷಣೆ ಕೊಟ್ಟಿತು.

ನಮ್ಮ ದೇಶದಲ್ಲಿ ಇನ್ನೂ ಒಂದು ತೊಡಕಿದೆ. ಬ್ರಿಟನ್ನಿನಲ್ಲಿ ಮಾನಹಾನಿ 2010ರಿಂದ ಅಪರಾಧವಲ್ಲ. ಇಲ್ಲಿ 1860ರ ದಂಡ ಸಂಹಿತೆಯ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಾಗಿ ಮುಂದುವರಿದಿದೆ. ಎರಡು ವರ್ಷದವರೆಗೆ ಸೆರೆಮನೆ, ದಂಡ ಅಥವಾ ಸಮುದಾಯ ಸೇವೆ ವಿಧಿಸಬಹುದು. ಯಾವ ವಿಮಾ ಕಂಪನಿಯೂ ನಮ್ಮ ಬದಲು ಜೈಲಿಗೆ ಹೋಗುವುದಿಲ್ಲ.

ಹಾಗಾದರೆ ವಿಮೆ ಬೇಕೆ? ಅಡುಗೆ, ಪ್ರವಾಸ, ಹಾಸ್ಯ ಬರೆಯುವವರಿಗೆ ಅವಸರವಿಲ್ಲ, ಕಲ್ಪಿತ ಪಾತ್ರದ ಹೆಸರಿಡುವಾಗ ಆರ್ಟೆಮಸ್ ಜೋನ್ಸ್ ನೆನಪಿದ್ದರೆ ಸಾಕು. ಆದರೆ ಔಷಧಿ, ಹಣಕಾಸು, ಕಂಪನಿಗಳ ವ್ಯವಹಾರ ಕುರಿತು ಒಬ್ಬರೇ ನಿಂತು ಬರೆಯುವವರಿಗೆ ಅದು ಬೇಕು. ಅದಕ್ಕೂ ಮೊದಲು ಸಂಪಾದಕರನ್ನು ಒಂದು ಮಾತು ಕೇಳಿ: ದಾವೆ ಬಂದರೆ ಪತ್ರಿಕೆ ನನ್ನ ಜೊತೆ ನಿಲ್ಲುತ್ತದೆಯೆ? ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ನಷ್ಟವೆಲ್ಲ ಲೇಖಕನದೇ ಎಂಬ ಸಾಲು ಅಡಗಿದೆಯೆ ಎಂದು ನೋಡಿ. ಟಿಪ್ಪಣಿ, ಪತ್ರ, ಧ್ವನಿಮುದ್ರಣಗಳನ್ನು ಮೂರು ವರ್ಷವಾದರೂ ಎಸೆಯಬೇಡಿ. ನಮ್ಮಲ್ಲಿ ಪರಿಹಾರದ ದಾವೆಗೆ ಒಂದು ವರ್ಷದ ಗಡುವಿದ್ದರೆ, ಕ್ರಿಮಿನಲ್ ದೂರಿಗೆ ಮೂರು ವರ್ಷದ ಅವಕಾಶವಿದೆ.

ಮೊಕದ್ದಮೆಯ ಭಯಕ್ಕೆ ಬರೆಯದೆ ಬಿಟ್ಟ ಲೇಖನ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ. ಆ ನಷ್ಟ ಬರಹಗಾರನಿಗಿಂತ ಹೆಚ್ಚಾಗಿ ಓದುಗರದು, ಅಂದರೆ ನಿಮ್ಮದು ಮತ್ತು ನನ್ನದು.