ತ್ರಿಮೂರ್ತಿಗಳ ನೆಲೆಗಳಿಗೊಂದು ಸಂಗೀತ ಯಾತ್ರೆ

ಕರ್ನಾಟಕ ಸಂಗೀತದ ತ್ರಿಮೂರ್ತಿಗಳೆನಿಸಿದ ಶ್ಯಾಮಾಶಾಸ್ತ್ರಿಗಳು (1762–1827), ತ್ಯಾಗರಾಜರು (1767–1847) ಮತ್ತು ಮುತ್ತುಸ್ವಾಮಿ ದೀಕ್ಷಿತರು (1775–1835) ಮೂವರೂ ಜನಿಸಿದುದು ತಮಿಳುನಾಡಿನ ತಿರುವಾರೂರಿನಲ್ಲಿ. ಚೆನ್ನೈಯಿಂದ ತಂಡವಾಗಿ ಹೊರಡುವ ಕನ್ನಡ ಬಾಂಧವರು ಯಾತ್ರೆಯನ್ನು ಇಲ್ಲಿಂದಲೇ ಆರಂಭಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಇಲ್ಲಿಯ ತ್ಯಾಗರಾಜಸ್ವಾಮಿ ಶಿವನು. ರಾಮಭಕ್ತರಾದ ವಾಗ್ಗೇಯಕಾರರಿಗೆ ದೊರೆತುದು ಈ ಶಿವನ ಹೆಸರು! ದೀಕ್ಷಿತರ ನವಾವರಣ ಕೃತಿಗಳ ಕಮಲಾಂಬೆಯೂ ಇದೇ ಆಲಯದಲ್ಲಿ ನೆಲೆಸಿದ್ದಾಳೆ. ಮಧ್ಯಾಹ್ನ ಗುಡಿಯ ಬಾಗಿಲು ಮುಚ್ಚುವುದರಿಂದ ಬೆಳಗಿನಲ್ಲೇ ದರ್ಶನ ಮುಗಿಸಬೇಕು.

ತಂಜಾವೂರಿನಲ್ಲಿ ಬೃಹದೀಶ್ವರನನ್ನು ಕಂಡು ಹಿಂದಿರುಗುವವರೇ ಹೆಚ್ಚು. ಶ್ಯಾಮಾಶಾಸ್ತ್ರಿಗಳು ಅರ್ಚಕರಾಗಿದ್ದ ಬಂಗಾರು ಕಾಮಾಕ್ಷಿಯ ಗುಡಿ ಚಿಕ್ಕದಾದರೂ ಬಿಡತಕ್ಕದ್ದಲ್ಲ.

ಅಲ್ಲಿಂದ ಸುಮಾರು 13 ಕಿ.ಮೀ. ದೂರದಲ್ಲಿ, ಕಾವೇರಿಯ ದಡದಲ್ಲಿ ತಿರುವೈಯಾರು. ಪುಷ್ಯ ಬಹುಳ ಪಂಚಮಿಯಂದು ಇಲ್ಲಿ ಸಾವಿರಾರು ಮಂದಿ ಸೇರುತ್ತಾರೆ. ಶಾಂತವಾಗಿ ನೋಡಬಯಸುವವರು ಬೇರೆ ದಿನವನ್ನು ಆರಿಸಿಕೊಳ್ಳುವುದು ಲೇಸು. ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ಪುರಂದರದಾಸರಿಗೆ ವಂದನೆ ಸಲ್ಲಿಸಿದ ತ್ಯಾಗರಾಜರ ಸಮಾಧಿಯಿರುವುದು ಇಲ್ಲಿಯೇ. ಅದನ್ನು ಉಳಿಸಿದವರು ಕನ್ನಡ ನಾಡಿನ ಹೆಣ್ಣುಮಗಳು ಎಂಬುದನ್ನು ನಮ್ಮವರಲ್ಲಿ ಎಷ್ಟು ಮಂದಿ ಬಲ್ಲರು?

ನಂಜನಗೂಡಿನಲ್ಲಿ 1878ರಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು, ಸಮಾಧಿಯು ಪಾಳುಬಿದ್ದಿರುವುದನ್ನು ಅರಿತು ತಾವು ಹಾಡಿ ಗಳಿಸಿದ ಹಣದಿಂದ ಗುಡಿಯನ್ನು ಕಟ್ಟಿಸಿದರು. 1925ರಲ್ಲಿ ಪ್ರತಿಷ್ಠೆ ನಡೆಯಿತು. ಆದರೆ ಆರಾಧನೆಯನ್ನು ನಡೆಸುತ್ತಿದ್ದ ಪುರುಷರ ಬಣಗಳು ಸ್ತ್ರೀಯರಿಗೆ ಅಲ್ಲಿ ಹಾಡಲು ಅವಕಾಶವೀಯಲಿಲ್ಲ. ಗುಡಿ ಕಟ್ಟಿಸಿದವರಿಗೇ ಹಾಡುವ ಹಕ್ಕಿಲ್ಲ! ಅವರು ಎದೆಗುಂದದೆ 1927ರಲ್ಲಿ ಸ್ತ್ರೀಯರದೇ ಪ್ರತ್ಯೇಕ ಆರಾಧನೆಯನ್ನು ಆರಂಭಿಸಿದರು. 1940ರ ಸುಮಾರಿಗೆ ಬಣಗಳು ಒಂದಾದವು. ಇಂದು ಸ್ತ್ರೀಪುರುಷರು ಒಟ್ಟಾಗಿ ಕುಳಿತು ಪಂಚರತ್ನ ಕೃತಿಗಳನ್ನು ಹಾಡುವುದರ ಹಿಂದೆ ಈ ಹೋರಾಟವಿದೆ. 1952ರಲ್ಲಿ ನಿಧನರಾದ ಅವರ ಸ್ಮಾರಕವೂ ಅಲ್ಲೇ ಇದ್ದು, ಅವರ ಪ್ರತಿಮೆ ತ್ಯಾಗರಾಜರ ಸನ್ನಿಧಿಗೆ ಅಭಿಮುಖವಾಗಿ ಕುಳಿತಿದೆ. ಅವಸರದ ತಂಡಗಳು ಅದನ್ನು ದಾಟಿ ಹೋಗಿಬಿಡುತ್ತವೆ. ನಮ್ಮವರು ಹಾಗೆ ಮಾಡಬಾರದು.

ದೀಕ್ಷಿತರ ಸಮಾಧಿಯು ಮಧುರೆಯಿಂದಲೂ ದಕ್ಷಿಣಕ್ಕೆ, ತೂತ್ತುಕುಡಿ ಜಿಲ್ಲೆಯ ಎಟ್ಟಯಪುರದಲ್ಲಿದೆ. 1835ರ ದೀಪಾವಳಿಯಂದು ಅವರು ಅಲ್ಲಿಯೇ ದೇಹತ್ಯಾಗ ಮಾಡಿದರು. ಇದಕ್ಕೆ ಮತ್ತೊಂದು ದಿನ ಬೇಕು. ಕವಿ ಸುಬ್ರಹ್ಮಣ್ಯ ಭಾರತಿಯವರು ಜನಿಸಿದ ಊರೂ ಅದೇ ಆದುದರಿಂದ, ಆ ಮನೆಯನ್ನೂ ನೋಡಿ ಬರಬಹುದು.