ಕಂಪೌಂಡರರ ಕಿಟಕಿಯಿಂದ ಫಾರ್ಮಸಿ ಕಾಲೇಜಿಗೆ

ಡಾಕ್ಟರರು ಬರೆದ ಚೀಟಿ ಒಂದು ಕೈಯಲ್ಲಿ, ಮನೆಯಿಂದ ತೊಳೆದು ತಂದ ಖಾಲಿ ಸೀಸೆ ಇನ್ನೊಂದು ಕೈಯಲ್ಲಿ. ದವಾಖಾನೆಯ ಕಿಟಕಿಯಾಚೆ ನಿಂತ ಕಂಪೌಂಡರು ಮಿಕ್ಸ್ಚರನ್ನು ಅಳೆದು ಸುರಿದು, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಸೀಸೆಯ ಬೆನ್ನಿಗೆ ಅಂಟಿಸಿ ಕೊಡುತ್ತಿದ್ದರು. ಒಂದು ಹಲ್ಲಿನಷ್ಟು ಒಂದು ಹೊತ್ತಿಗೆ. ಓದು ಬಾರದವರಿಗೂ ತಿಳಿಯುವ ಲೆಕ್ಕ ಅದು. ಈ ಕೆಲಸವನ್ನು ಅನೇಕರು ಕಲಿತದ್ದು ಕಾಲೇಜಿನಲ್ಲಲ್ಲ, ಡಾಕ್ಟರರ ಪಕ್ಕದಲ್ಲಿ ನಿಂತು.

ಇಂದು ಪಿಯುಸಿ ಮುಗಿಸಿ ಫಾರ್ಮಸಿಸ್ಟ್ ಆಗಬೇಕೆನ್ನುವ ವಿದ್ಯಾರ್ಥಿಯ ಮುಂದೆ ಮೂರು ದಾರಿಗಳಿವೆ: ಎರಡು ವರ್ಷದ ಡಿ.ಫಾರ್ಮ, ನಾಲ್ಕು ವರ್ಷದ ಬಿ.ಫಾರ್ಮ, ಆರು ವರ್ಷದ ಫಾರ್ಮ.ಡಿ. ಒಂದೇ ವೃತ್ತಿಗೆ ಮೂರು ಬಾಗಿಲುಗಳೇಕೆ? ಉತ್ತರ ಇತಿಹಾಸದಲ್ಲಿದೆ.

1920ರ ದಶಕದಲ್ಲಿ ದೇಶದ ಮಾರುಕಟ್ಟೆಯಲ್ಲಿ ಕಲಬೆರಕೆ ಔಷಧಿಗಳ ಹಾವಳಿ ಮಿತಿಮೀರಿತ್ತು. ಮಲೇರಿಯಕ್ಕೆಂದು ಮಾರಿದ ಕ್ವಿನೈನ್‌ನಲ್ಲೂ ಮೋಸ. ಇದರ ಬಗ್ಗೆ ಎದ್ದ ಕೂಗಿನಿಂದ 1930ರಲ್ಲಿ ಸರ್ಕಾರ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧಿ ವಿಚಾರಣಾ ಸಮಿತಿ ನೇಮಿಸಿತು. 1931ರ ವರದಿಯಲ್ಲಿ ಸಮಿತಿ ಔಷಧಿಯನ್ನೂ ಅದನ್ನು ಕೊಡುವವರನ್ನೂ ಕಾನೂನಿನ ಅಂಕೆಗೆ ತರಬೇಕೆಂದಿತು. ಔಷಧಿಗೆ ಕಾನೂನು ಬಂದದ್ದು 1940ರಲ್ಲಿ. ಕೊಡುವವರಿಗೆ ಬಂದದ್ದು 1948ರಲ್ಲಿ. ಸರಕಿನ ಮೇಲಿದ್ದ ಕಾಳಜಿ ಮನುಷ್ಯರ ತರಬೇತಿಯ ಮೇಲೆ ಮೂಡಲು ಇನ್ನೂ ಎಂಟು ವರ್ಷ ಬೇಕಾಯಿತು.

ಕಾನೂನಿಗೆ ಮೊದಲೇ ಕಾಲೇಜು ಹುಟ್ಟಿತ್ತು. ಪಂಡಿತ ಮದನ ಮೋಹನ ಮಾಳವೀಯರ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರೊ. ಮಹಾದೇವ ಲಾಲ್ ಶ್ರಾಫ್ ಅವರು 1932ರಲ್ಲಿ ಔಷಧ ರಸಾಯನಶಾಸ್ತ್ರದ ಬೋಧನೆ ಆರಂಭಿಸಿದರು. 1937ರಲ್ಲಿ ಅದು ಬಿ.ಫಾರ್ಮ ಪದವಿಯಾಯಿತು. ಗಮನಿಸಬೇಕಾದ್ದೆಂದರೆ, ಈ ಪದವಿಯ ಕಣ್ಣು ನೆಟ್ಟಿದ್ದು ದವಾಖಾನೆಯ ಕಿಟಕಿಯ ಮೇಲಲ್ಲ, ಕಾರ್ಖಾನೆ ಮತ್ತು ಪ್ರಯೋಗಾಲಯದ ಮೇಲೆ. ಔಷಧಿಯನ್ನು ಸ್ವದೇಶದಲ್ಲೇ ತಯಾರಿಸಬೇಕೆಂಬ ಹಂಬಲದ ಕಾಲವದು.

ಕಿಟಕಿಯ ಕೆಲಸ ಬೇರೆ ದಾರಿ ಹಿಡಿಯಿತು. 1948ರ ಫಾರ್ಮಸಿ ಕಾಯಿದೆ ಮೊದಲ ನೋಂದಣಿಯಲ್ಲಿ ಅನುಭವಸ್ಥ ಕಂಪೌಂಡರರಿಗೂ ಅವಕಾಶ ಕೊಟ್ಟಿತು. ಅವರನ್ನು ಹೊರಗಿಟ್ಟಿದ್ದರೆ ಎಷ್ಟೋ ಊರುಗಳಲ್ಲಿ ಔಷಧಿ ಕೊಡುವವರೇ ಇರುತ್ತಿರಲಿಲ್ಲ. ಅವರ ನಂತರದವರಿಗೆ ಡಿಪ್ಲೊಮಾ ಕನಿಷ್ಠ ಅರ್ಹತೆಯಾಯಿತು. ಕರ್ನಾಟಕದಲ್ಲಿ 1963ರಲ್ಲಿ ಮಣಿಪಾಲದಲ್ಲೂ 1964ರಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಫಾರ್ಮಸಿ ಶಿಕ್ಷಣ ಆರಂಭವಾಯಿತು. ಮೂರನೆಯದಾದ ಫಾರ್ಮ.ಡಿ. ಬಂದದ್ದು 2008ರಲ್ಲಿ. ಅದರ ಗುರಿ ಆಸ್ಪತ್ರೆಯ ವಾರ್ಡು, ರೋಗಿಯ ಹಾಸಿಗೆಯ ಪಕ್ಕ. ಕೊನೆಯ ವರ್ಷವೆಲ್ಲ ಅಲ್ಲಿಯದೇ ತರಬೇತಿ.

ಹೀಗಾಗಿ ಕೋರ್ಸು ಆರಿಸುವುದೆಂದರೆ ಎಲ್ಲಿ ನಿಂತು ಕೆಲಸ ಮಾಡಬೇಕೆಂದು ಆರಿಸಿದಂತೆ. ಔಷಧಿ ಅಂಗಡಿ ನಡೆಸಲು ಡಿಪ್ಲೊಮಾ ಸಾಕು. ನೋಂದಾಯಿತ ಫಾರ್ಮಸಿಸ್ಟ್ ಎಂಬ ಹೆಸರೂ ಪದವೀಧರನಿಗೆ ಸಿಗುವುದೇ. ಆದರೆ ಎರಡು ವರ್ಷದ ಪಾಠದ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಇದೆ. ಡಿಪ್ಲೊಮಾ ಮುಗಿಸಿದವರಿಗೆ ನಿರ್ಗಮನ ಪರೀಕ್ಷೆಯ ನಿಯಮವನ್ನೂ ಫಾರ್ಮಸಿ ಕೌನ್ಸಿಲ್ 2022ರಲ್ಲಿ ತಂದಿದೆ. ಡ್ರಗ್ಸ್ ಇನ್‌ಸ್ಪೆಕ್ಟರ್ ಹುದ್ದೆಗೆ ಡಿಪ್ಲೊಮಾ ಸಾಲದು, ಪದವಿ ಬೇಕು. ಈ ವ್ಯತ್ಯಾಸ ಎಷ್ಟೋ ಮನೆಗಳಲ್ಲಿ ಗೊತ್ತಾಗುವುದು ಶುಲ್ಕ ಕಟ್ಟಿದ ಮೇಲೆ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದುಂಟು. 1948ರ ಕಾಯಿದೆಯ 12ನೇ ಕಲಮಿನಂತೆ ಕೋರ್ಸಿಗೂ ಪರೀಕ್ಷೆಗೂ ಫಾರ್ಮಸಿ ಕೌನ್ಸಿಲ್‌ನ ಮಾನ್ಯತೆ ಇರಬೇಕು. ಇಲ್ಲವಾದರೆ ಪ್ರಮಾಣಪತ್ರ ಎಷ್ಟೇ ಅಂದವಾಗಿದ್ದರೂ ನೋಂದಣಿ ಸಿಗದು. ಕಟ್ಟಡ, ಬಸ್ಸು, ಹಾಸ್ಟೆಲುಗಳನ್ನು ನೋಡುವ ಮೊದಲು ಪಾಲಕರು ಕೇಳಬೇಕಾದ ಪತ್ರ ಇದೇ. ಅದೂ ತಾವು ಸೇರುವ ಕೋರ್ಸಿಗೆ, ಸೇರುವ ವರ್ಷಕ್ಕೆ ಸಂಬಂಧಿಸಿದ್ದು.

ಹಣದ ಅಡಚಣೆಯಿಂದ ಡಿಪ್ಲೊಮಾ ಸೇರಿದವರಿಗೆ ಬಾಗಿಲು ಅಲ್ಲಿಗೇ ಮುಚ್ಚುವುದಿಲ್ಲ. ಅವರು ಬಿ.ಫಾರ್ಮದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು.