ಶವೆಲ್ ಒಂದು, ಡಂಪರ್ ಎಷ್ಟು?

ತೆರೆದ ಗಣಿಯ ನಿರ್ವಹಣಾ ವೆಚ್ಚದಲ್ಲಿ ಅರ್ಧದಷ್ಟು ಸಾಗಣೆಗೇ ಹೋಗುವುದುಂಟು. ಸಿಡಿಸಿದ ಬಂಡೆಯನ್ನು ಶವೆಲ್ ಎತ್ತಿ ತುಂಬುತ್ತದೆ, ಡಂಪರ್ ಅದನ್ನು ಕ್ರಷರ್‌ಗೋ ಡಂಪ್ ಯಾರ್ಡ್‌ಗೋ ಹೊತ್ತು ಹಾಕಿ ಖಾಲಿಯಾಗಿ ಮರಳುತ್ತದೆ. ಡಂಪರ್ ಬರುವುದು ತಡವಾದರೆ ಕೋಟಿಗಟ್ಟಲೆ ಬೆಲೆಯ ಶವೆಲ್ ಸುಮ್ಮನೆ ನಿಲ್ಲುತ್ತದೆ. ಹೆಚ್ಚು ಡಂಪರ್ ಬಿಟ್ಟರೆ ಅವು ಸಾಲುಗಟ್ಟಿ ನಿಂತು ಡೀಸೆಲ್ ಸುಡುತ್ತವೆ. ಎಂಥ ಶವೆಲ್‌ಗೆ ಎಂಥ ಡಂಪರ್, ಎಷ್ಟು ಡಂಪರ್ ಎಂಬ ಪ್ರಶ್ನೆಯ ಸುತ್ತ ಆರು ದಶಕಗಳಿಂದ ಒಂದು ಶಾಸ್ತ್ರವೇ ಬೆಳೆದಿದೆ.

ಮೊದಮೊದಲು ಈ ಪ್ರಶ್ನೆಗೆ ಅಷ್ಟು ಮಹತ್ವ ಇರಲಿಲ್ಲ. ಅಮೆರಿಕದ ಯೂಟಾ ರಾಜ್ಯದ ಬಿಂಗ್‌ಹ್ಯಾಮ್ ಕ್ಯಾನ್ಯನ್ ತಾಮ್ರದ ಗಣಿಯಲ್ಲಿ 1906ರಲ್ಲಿ ಉಗಿ ಶವೆಲ್‌ಗಳು ಅಗೆಯತೊಡಗಿದಾಗ ಅದಿರು ಹೊರುತ್ತಿದ್ದದ್ದು ರೈಲು. ಹಳಿ ಹೋದಲ್ಲಿಗೆ ಮಾತ್ರ ಸಾಗಣೆ. 1934ರಲ್ಲಿ ಯೂಕ್ಲಿಡ್ ಕಂಪನಿ ಗಣಿ ಮತ್ತು ಕಾಮಗಾರಿ ಸ್ಥಳಗಳಿಗೆಂದೇ 15 ಟನ್‌ನ ಲಾರಿ ತಂದ ಮೇಲೆ ಚಿತ್ರ ಬದಲಾಯಿತು. ರಾಲ್ಫ್ ಕ್ರೆಸ್ ರೂಪಿಸಿದ 32 ಟನ್‌ನ ಹಾಲ್‌ಪ್ಯಾಕ್ ಡಂಪರ್ 1957ರಲ್ಲಿ ಬಂತು. ಅಲ್ಲಿಂದ ಮುಂದೆ ಶವೆಲ್ ದೊಡ್ಡದಾದಂತೆ ಡಂಪರ್, ಡಂಪರ್ ದೊಡ್ಡದಾದಂತೆ ಶವೆಲ್ ಬೆಳೆಯುತ್ತಲೇ ಹೋದವು. 1970ರ ದಶಕದಲ್ಲಿ ತಯಾರಾದ 350 ಅಮೆರಿಕನ್ ಟನ್‌ನ ಟೆರೆಕ್ಸ್ ಟೈಟಾನ್ ಒಂದೇ ಒಂದು ಪ್ರತಿಯಲ್ಲಿ ಉಳಿಯಿತು. ಅದೀಗ ಕೆನಡಾದ ಸ್ಪಾರ್‌ವುಡ್ ಊರಿನಲ್ಲಿ ಪ್ರದರ್ಶನಕ್ಕಿದೆ. ಆ ಗಾತ್ರದ ಡಂಪರ್ ನಿಜವಾಗಿ ಗಣಿಗಳಲ್ಲಿ ನೆಲೆಯೂರಿದ್ದು 1998ರಲ್ಲಿ ಕ್ಯಾಟರ್‌ಪಿಲ್ಲರ್ 797 ಬಂದ ನಂತರ. 2013ರಲ್ಲಿ ಬೆಲಾರೂಸಿನ ಬೆಲಾಜ್ 450 ಟನ್ ಹೊರುವ ಯಂತ್ರವನ್ನು ಹೊರತಂದಿತು.

ಗಾತ್ರದ ಹೊಂದಾಣಿಕೆಗೆ ಗಣಿಗಾರರು ಕಂಡುಕೊಂಡ ಸೂತ್ರ ಸರಳ: ಮೂರರಿಂದ ಆರು ಬಕೆಟ್‌ಗೆ ಡಂಪರ್ ತುಂಬಬೇಕು. ಒಂದೆರಡೇ ಬಕೆಟ್‌ಗೆ ತುಂಬಿದರೆ ಪ್ರತಿ ಏಟೂ ಡಂಪರ್‌ನ ಚಾಸಿಗೆ, ಟೈರಿಗೆ, ಚಾಲಕನ ಬೆನ್ನಿಗೆ ಬೀಳುತ್ತದೆ. ಎಂಟು ಹತ್ತು ಬಕೆಟ್ ಆದರೆ ತುಂಬುವುದರಲ್ಲೇ ಹೊತ್ತು ಹೋಗುತ್ತದೆ. ಆದರೆ ಈ ಸೂತ್ರ ಯಂತ್ರದ ಜೊತೆಗೆ ಕಲ್ಲನ್ನೂ ಕೇಳುತ್ತದೆ. 10 ಘನ ಮೀಟರ್ ಬಕೆಟ್, 100 ಟನ್ ಡಂಪರ್ ಎಂದಿಟ್ಟುಕೊಳ್ಳಿ. ಬಕೆಟ್ ಶೇ. 90 ತುಂಬುತ್ತದೆ, ಸಡಿಲ ಬಂಡೆಯ ತೂಕ ಘನ ಮೀಟರಿಗೆ 1.8 ಟನ್. ಬಕೆಟ್ಟಿಗೆ 16.2 ಟನ್ನಿನಂತೆ ಆರು ಬಕೆಟ್‌ಗೆ 97 ಟನ್, ಚೆನ್ನಾಗಿ ಕೂಡಿಬಂತು. ಇದೇ ಜೋಡಿಯನ್ನು ಘನ ಮೀಟರಿಗೆ 2.4 ಟನ್ ತೂಗುವ ಕಬ್ಬಿಣದ ಅದಿರಿಗೆ ಹಾಕಿ ನೋಡಿ. ಬಕೆಟ್ಟಿಗೆ 21.6 ಟನ್, ನಾಲ್ಕು ಹಾಕಿದರೆ 86 ಟನ್, ಐದು ಹಾಕಿದರೆ 108. ಒಂದೋ ಪ್ರತಿ ಟ್ರಿಪ್‌ನಲ್ಲೂ 14 ಟನ್ ನಷ್ಟ, ಇಲ್ಲವೇ ಪ್ರತಿ ಟ್ರಿಪ್‌ನಲ್ಲೂ ಓವರ್‌ಲೋಡ್. ಕಲ್ಲಿದ್ದಲಿನಲ್ಲಿ ಸಮಸ್ಯೆ ತಿರುಗುಮುರುಗು: ತೂಕ ಮುಟ್ಟುವ ಮೊದಲೇ ಬಾಡಿ ತುಂಬಿಹೋಗುತ್ತದೆ, ಹಾಗಾಗಿ ದೊಡ್ಡ ಬಾಡಿಯೇ ಬೇಕು.

ಓವರ್‌ಲೋಡ್‌ಗೂ ಒಂದು ಲೆಕ್ಕ ಬಂದಿದೆ. ಕ್ಯಾಟರ್‌ಪಿಲ್ಲರ್‌ನ 10-10-20 ನಿಯಮದ ಪ್ರಕಾರ ಲೋಡ್‌ಗಳ ಸರಾಸರಿ ನಿಗದಿತ ತೂಕವನ್ನು ಮೀರಬಾರದು, ನಿಗದಿತ ತೂಕಕ್ಕಿಂತ ಶೇ. 10ಕ್ಕೂ ಹೆಚ್ಚು ಭಾರದ ಲೋಡ್‌ಗಳು ನೂರಕ್ಕೆ ಹತ್ತನ್ನು ದಾಟಬಾರದು, ಶೇ. 20 ಮೀರಿದ್ದು ಒಂದೂ ಇರಬಾರದು. ಬ್ರೇಕು, ಸ್ಟೀರಿಂಗ್, ಟೈರುಗಳನ್ನು ಈ ಮಿತಿ ನೋಡಿಯೇ ಮಾಡಿರುತ್ತಾರೆ. ಹೆಚ್ಚು ಹೇರಿ ಉತ್ಪಾದನೆ ತೋರಿಸುವ ಮೇಲ್ವಿಚಾರಕರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಇನ್ನು ಸಂಖ್ಯೆಯ ವಿಚಾರ. 1968ರಲ್ಲಿ ಮಾರ್ಗನ್ ಮತ್ತು ಪೀಟರ್ಸನ್ ಎಂಬ ಅಮೆರಿಕದ ಇಬ್ಬರು ಮ್ಯಾಚ್ ಫ್ಯಾಕ್ಟರ್ ಎಂಬ ಅಳತೆ ಕೊಟ್ಟರು. ಡಂಪರ್‌ಗಳ ಸಂಖ್ಯೆಯನ್ನು ತುಂಬುವ ಸಮಯದಿಂದ ಗುಣಿಸಿ, ಅದನ್ನು ಶವೆಲ್‌ಗಳ ಸಂಖ್ಯೆ ಮತ್ತು ಡಂಪರ್‌ನ ಒಂದು ಸುತ್ತಿನ ಸಮಯದ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ 1 ಬಂದರೆ ಸರಿಸಮ, ಕಡಿಮೆ ಬಂದರೆ ಶವೆಲ್ ಕಾಯುತ್ತದೆ, ಹೆಚ್ಚು ಬಂದರೆ ಡಂಪರ್ ಕಾಯುತ್ತದೆ. ನಮ್ಮ ಉದಾಹರಣೆಯಲ್ಲಿ ಹಿಂದಕ್ಕೆ ಬಂದು ನಿಲ್ಲುವುದೂ ಸೇರಿ ತುಂಬಲು 3.5 ನಿಮಿಷ, ಇಡೀ ಸುತ್ತಿಗೆ 18 ನಿಮಿಷ ಎಂದಾದರೆ, ಐದು ಡಂಪರ್‌ಗಳಿಗೆ 0.97. ಅಂದರೆ ಶವೆಲ್ ಶೇ. 97ರಷ್ಟು ಹೊತ್ತು ದುಡಿಯುತ್ತದೆ. ಮಳೆಗಾಲದಲ್ಲಿ ರಸ್ತೆ ಕೆಸರಾಗಿ ಸುತ್ತು 22 ನಿಮಿಷಕ್ಕೆ ಏರಿದರೆ ಅದೇ ಐದು ಡಂಪರ್‌ಗಳಿಗೆ ಅಂಕ 0.80ಕ್ಕೆ ಇಳಿಯುತ್ತದೆ.

ಸೂತ್ರದ ಸೊಗಸೂ ದೌರ್ಬಲ್ಯವೂ ಇಲ್ಲೇ ಇವೆ. ಯಾವ ಡಂಪರೂ ಗಡಿಯಾರದ ಪ್ರಕಾರ ಬರುವುದಿಲ್ಲ. ಒಂದು ಕಡೆ ದೊಡ್ಡ ಬಂಡೆ ಸಿಕ್ಕಿ ತುಂಬುವುದು ತಡವಾಗುತ್ತದೆ, ಇನ್ನೊಂದು ಕಡೆ ಕ್ರಷರ್ ಬಾಯಿ ಕಟ್ಟುತ್ತದೆ, ಮೂರು ಡಂಪರ್‌ಗಳು ಒಟ್ಟಿಗೇ ಬಂದು ನಿಲ್ಲುತ್ತವೆ, ಆಮೇಲೆ ಶವೆಲ್ ಐದು ನಿಮಿಷ ಖಾಲಿ. ಈ ಏರುಪೇರನ್ನು ಲೆಕ್ಕಕ್ಕೆ ಹಿಡಿಯಲು ಸಾಲುಗಟ್ಟಿ ಕಾಯುವುದರ ಗಣಿತವಾದ ಸರತಿ ಸಿದ್ಧಾಂತ ಮ್ಯಾಚ್ ಫ್ಯಾಕ್ಟರ್‌ಗಿಂತ ಮೊದಲೇ ಹೊರಟಿತ್ತು. ಅರ್ನೆಸ್ಟ್ ಕೋನಿಗ್ಸ್‌ಬರ್ಗ್ 1958ರಲ್ಲಿ ಸುತ್ತು ಸರತಿಗಳ ಗಣಿತ ಬರೆದಾಗ ಅವರ ಮುಂದಿದ್ದದ್ದು ಕಲ್ಲಿದ್ದಲು ಗಣಿ. 1964ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓ'ಶೇ ಮತ್ತು ಸಂಗಡಿಗರು ಅದನ್ನು ಶವೆಲ್, ಲಾರಿಗಳಿಗೆ ಅನ್ವಯಿಸಿದರು. ಮೇಲಿನ ಐದು ಡಂಪರ್‌ಗಳನ್ನೇ ಈ ಗಣಿತಕ್ಕೆ ಒಡ್ಡಿ, ಸಮಯಗಳೆಲ್ಲ ತೀರಾ ಏರುಪೇರಾಗಿವೆ ಎಂದು ಹಿಡಿದರೆ, ಶವೆಲ್ ದುಡಿಯುವ ಹೊತ್ತು ಶೇ. 97ರಿಂದ 79ಕ್ಕೆ ಕುಸಿಯುತ್ತದೆ. ಆರನೆಯ ಡಂಪರ್ ಸೇರಿಸಿದರೂ 87. ನಿಜವಾದ ಗಣಿ ಈ ಎರಡು ತುದಿಗಳ ನಡುವೆ ಎಲ್ಲೋ ಇರುತ್ತದೆ. ಕಾಗದದ ಮೇಲಿನ ಗುರಿಗೂ ಶಿಫ್ಟ್ ಮುಗಿದಾಗ ಬರುವ ಟನ್ನಿಗೂ ಇರುವ ಅಂತರದಲ್ಲಿ ದೊಡ್ಡ ಪಾಲು ಈ ಏರುಪೇರಿನದು. ಆಪರೇಟರ್‌ಗಳನ್ನು ಬೈದರೆ ಅದು ಕಡಿಮೆಯಾಗುವುದಿಲ್ಲ.

ಮಾರ್ಗನ್ ಮತ್ತು ಪೀಟರ್ಸನ್ ಸೂತ್ರಕ್ಕೆ ಇನ್ನೊಂದು ಕೊರತೆಯಿತ್ತು: ಡಂಪರ್‌ಗಳೆಲ್ಲ ಒಂದೇ ಜಾತಿ, ಶವೆಲ್‌ಗಳೆಲ್ಲ ಒಂದೇ ಜಾತಿ ಎಂದು ಅದು ನಂಬಿತ್ತು. ಹಳೆಯ ಗಣಿಗೆ ಹೋದರೆ ಹಾಗೆ ಎಲ್ಲೂ ಇರುವುದಿಲ್ಲ. ಬೇರೆ ಬೇರೆ ವರ್ಷ ಕೊಂಡ 50, 85, 100 ಟನ್ ಡಂಪರ್‌ಗಳು ಒಂದೇ ರಸ್ತೆಯಲ್ಲಿ ಓಡುತ್ತವೆ, ಹಿಂದಿಕ್ಕಲು ಅವಕಾಶವಿಲ್ಲದ ಕಡೆ ವೇಗದ ಡಂಪರ್ ನಿಧಾನದ್ದರ ಹಿಂದೆಯೇ ಸಾಗುತ್ತದೆ. ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಬರ್ಟ್ ಮತ್ತು ಲೂಯಿಸ್ ಕಚ್ಚೆಟ್ಟ 2007ರಲ್ಲಿ ಇಂಥ ಮಿಶ್ರ ಗುಂಪುಗಳಿಗೆ ಸೂತ್ರವನ್ನು ವಿಸ್ತರಿಸಿದರು. ಮ್ಯಾಚ್ ಫ್ಯಾಕ್ಟರ್ ಹೇಳುವುದು ಯಂತ್ರಗಳು ಎಷ್ಟು ಸಮವಾಗಿ ದುಡಿಯುತ್ತವೆ ಎಂಬುದನ್ನು ಮಾತ್ರ. ಟನ್ನಿಗೆ ಎಷ್ಟು ಖರ್ಚಾಯಿತು ಎಂಬುದು ಅದಕ್ಕೆ ತಿಳಿಯದು. ಶವೆಲ್ ಸ್ವಲ್ಪ ಹೊತ್ತು ಕಾದರೂ ಒಂದು ಡಂಪರ್ ಕಡಿಮೆ ಓಡಿಸುವುದೇ ಅಗ್ಗವಾಗುವ ಗಣಿಗಳಿವೆ. ಅಂಕ 1 ಮುಟ್ಟಿತೆಂದು ಸಂತೋಷಪಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಡಂಪರ್‌ಗಳನ್ನು ಕೊಂಡಾದ ಮೇಲೆ ಅವುಗಳನ್ನು ಶವೆಲ್‌ಗಳಿಗೆ ಹಂಚುವುದು ಹೇಗೆ? ಮೊದಲೆಲ್ಲ ಎತ್ತರದಲ್ಲಿ ನಿಂತ ಡಿಸ್ಪ್ಯಾಚರ್ ರೇಡಿಯೋದಲ್ಲಿ ಹೇಳುತ್ತಿದ್ದ. ಅರಿಝೋನಾದ ಮಾಡ್ಯುಲರ್ ಮೈನಿಂಗ್ ಸಿಸ್ಟಮ್ಸ್ ಸಂಸ್ಥೆ 1980ರಲ್ಲಿ ನ್ಯೂ ಮೆಕ್ಸಿಕೋದ ಟೈರೋನ್ ತಾಮ್ರದ ಗಣಿಯಲ್ಲಿ ಆ ಕೆಲಸವನ್ನು ಕಂಪ್ಯೂಟರ್‌ಗೆ ಒಪ್ಪಿಸಿತು. ಡಂಪರ್ ಖಾಲಿಯಾದ ಕೂಡಲೇ ಅದು ಯಾವ ಶವೆಲ್‌ಗೆ ಹೋಗಬೇಕೆಂದು ಯಂತ್ರ ನಿರ್ಧರಿಸತೊಡಗಿತು. ಒಂದೇ ಶವೆಲ್‌ಗೆ ಕಟ್ಟಿಹಾಕುವ ಪದ್ಧತಿ ಹಿಂದೆ ಸರಿಯಿತು. 2008ರಲ್ಲಿ ಚಿಲಿಯ ಗೇಬ್ರಿಯೆಲಾ ಮಿಸ್ಟ್ರಾಲ್ ತಾಮ್ರದ ಗಣಿಯಲ್ಲಿ ಚಾಲಕರಹಿತ ಡಂಪರ್‌ಗಳು ಓಡಾಡತೊಡಗಿದವು, ಆಸ್ಟ್ರೇಲಿಯಾದ ಪಿಲ್ಬರಾದಲ್ಲಿಯೂ ಆ ವರ್ಷವೇ ಪ್ರಯೋಗ ನಡೆಯಿತು. ಸರತಿ ಗಣಿತದ ಕಣ್ಣಿನಿಂದ ನೋಡಿದರೆ ಚಾಲಕರಹಿತ ಡಂಪರ್‌ನ ದೊಡ್ಡ ಲಾಭ ಸುತ್ತಿನ ಸಮಯ ಏರುಪೇರಿಲ್ಲದೆ ಬರುವುದರಲ್ಲಿದೆ.

ನಮ್ಮ ದೇಶದಲ್ಲಿ ಛತ್ತೀಸಗಡದ ಗೇವ್ರಾ ಕಲ್ಲಿದ್ದಲು ಗಣಿ 42 ಘನ ಮೀಟರ್ ಶವೆಲ್ ಮತ್ತು 240 ಟನ್ ಡಂಪರ್‌ಗಳನ್ನು ಬಳಸುತ್ತದೆ. ಘನ ಮೀಟರಿಗೆ 1.6 ಟನ್ ತೂಗುವ ಮೇಲ್ಮಣ್ಣಿನಲ್ಲಿ, ಬಕೆಟ್ ಶೇ. 90 ತುಂಬಿದರೆ, ನಾಲ್ಕು ಬಕೆಟ್‌ಗೆ ಸರಿಯಾಗಿ ತುಂಬುವ ಜೋಡಿ ಅದು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕಂಪನಿ ಡಂಪರ್‌ಗಳನ್ನು ಮೈಸೂರಿನಲ್ಲಿಯೂ ಎಕ್ಸ್‌ಕವೇಟರ್‌ಗಳನ್ನು ಕೆಜಿಎಫ್‌ನಲ್ಲಿಯೂ ತಯಾರಿಸುತ್ತದೆ. ಹೀಗೆ ಅಗೆಯುವ ಯಂತ್ರವೂ ಹೊರುವ ಯಂತ್ರವೂ ಕರ್ನಾಟಕದಲ್ಲಿ ಹುಟ್ಟುತ್ತವೆ. ಸಂಡೂರಿನ ಬೆಟ್ಟದ ಮೇಲಿನ ಕಬ್ಬಿಣದ ಗಣಿಗಳಲ್ಲಿ ತುಂಬಿದ ವಾಹನ ಇಳಿಯುತ್ತದೆ, ಖಾಲಿ ವಾಹನ ಏರುತ್ತದೆ. ಆಳದ ಕಲ್ಲಿದ್ದಲು ಗುಂಡಿಯಲ್ಲಿ ಇದಕ್ಕೆ ತದ್ವಿರುದ್ಧ. ಒಂದು ಕಡೆ ಸುತ್ತಿನ ಸಮಯವನ್ನು ನಿರ್ಧರಿಸುವುದು ಬ್ರೇಕು, ಇನ್ನೊಂದು ಕಡೆ ಎಂಜಿನ್. ಕಲ್ಲಿದ್ದಲಿನಲ್ಲಿ ಗೆದ್ದ ಲೆಕ್ಕವನ್ನು ಅದಿರಿಗೆ ಎತ್ತಿಕೊಂಡು ಬರಲಾಗದು.

ಆದ್ದರಿಂದ ಗಣಿ ಎಂಜಿನಿಯರ್‌ಗಳಲ್ಲಿ ಒಂದು ಕೋರಿಕೆ. ಮುಂದಿನ ಟೆಂಡರ್ ಬರೆಯುವ ಮೊದಲು ನಿಮ್ಮದೇ ಬೆಂಚ್‌ನಲ್ಲಿ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ಸ್ಟಾಪ್‌ವಾಚ್ ಹಿಡಿದು ತುಂಬುವ, ಸಾಗುವ, ಕಾಯುವ ಸಮಯಗಳನ್ನು ಬರೆದುಕೊಳ್ಳಿ. ಸರಾಸರಿಯ ಜೊತೆಗೆ ಏರುಪೇರನ್ನೂ ದಾಖಲಿಸಿ. ಶವೆಲ್ ಮತ್ತು ಡಂಪರ್‌ಗಳನ್ನು ಬೇರೆ ಬೇರೆ ಕಡತಗಳಲ್ಲಿ ಕೊಳ್ಳಬೇಡಿ; ಎರಡರ ನಿರ್ಧಾರವೂ ಒಂದೇ ಕಡತದಲ್ಲಿ ಆಗಲಿ.